ಕರೆಗಂಟೆಯ ಮೇಲೆ ನಿಮ್ಮ ಹೆಸರು: ಬರ್ಲಿನ್‌ನ ಕ್ರಾಯ್ಟ್ಸ್‌ಬರ್ಗ್‌ನಲ್ಲಿ ಮನೆ ಹೂಡುವವರಿಗೆ ಸಮಗ್ರ ಮಾರ್ಗದರ್ಶಿ

ಬರ್ಲಿನ್‌ನ ವಿಳಾಸಗಳಲ್ಲಿ ಫ್ಲ್ಯಾಟ್ ನಂಬರ್ ಇರುವುದಿಲ್ಲ. ಬೀದಿ, ಕಟ್ಟಡದ ಸಂಖ್ಯೆ, ಪಿನ್‌ಕೋಡ್, ಅಷ್ಟೆ. ಒಂದು ಕಟ್ಟಡದಲ್ಲಿ ಮೂವತ್ತು ಮನೆಗಳಿದ್ದರೂ ಅಂಚೆಯವರು ನೋಡುವುದು ಕರೆಗಂಟೆ ಫಲಕವನ್ನು ಮತ್ತು ಅಂಚೆ ಡಬ್ಬಿಯ ಮೇಲಿನ ಚೀಟಿಯನ್ನು. ಅಲ್ಲಿ ನಿಮ್ಮ ಹೆಸರಿಲ್ಲದಿದ್ದರೆ ತೆರಿಗೆ ಸಂಖ್ಯೆ, ಬ್ಯಾಂಕ್ ಕಾರ್ಡ್, ವಿಮೆ ಕಾರ್ಡ್ ಎಲ್ಲವೂ ಬಂದ ದಾರಿಗೆ ಸುಂಕವಿಲ್ಲ ಎಂದು ವಾಪಸು ಹೋಗುತ್ತವೆ.

ಕ್ರಾಯ್ಟ್ಸ್‌ಬರ್ಗ್‌ನ ಗ್ರಾಫಿಟಿ, ಗ್ಯಾಲರಿ, ಬೆಳಗಿನವರೆಗೂ ತೆರೆದಿರುವ ಬಾರುಗಳನ್ನು ನೋಡಿದವರು ಇಲ್ಲಿ ಕೇಳುವವರು ಹೇಳುವವರು ಯಾರೂ ಇಲ್ಲ ಅಂದುಕೊಳ್ಳುತ್ತಾರೆ. ಬೀದಿಯ ಮಟ್ಟಿಗೆ ಅದು ಸ್ವಲ್ಪ ನಿಜ. ಬಾಗಿಲು ದಾಟಿ ಒಳಗೆ ಬಂದರೆ ಪೂರ್ತಿ ಸುಳ್ಳು. ಇಲ್ಲಿನ ಬದುಕು ನಿಂತಿರುವುದು ಬಾಡಿಗೆ ಕರಾರು, ನೋಂದಣಿ ಪತ್ರ ಮತ್ತು ಹಿತ್ತಿಲಂಗಳದ ಕಟ್ಟಳೆಗಳ ಮೇಲೆ. ಅವನ್ನು ಯಾವ ಕ್ರಮದಲ್ಲಿ ಮಾಡಬೇಕು, ಎಲ್ಲಿ ಎಡವುತ್ತಾರೆ ಎಂಬುದು ಈ ಬರಹದ ವಿಷಯ.

ಮೊದಲು, ಯಾವ ಕ್ರಾಯ್ಟ್ಸ್‌ಬರ್ಗ್?

ಹೆಸರು ಒಂದೇ, ಊರು ಎರಡು. ಹಳೆಯ ಅಂಚೆ ವಲಯಗಳ ಲೆಕ್ಕದಲ್ಲಿ ಜನ ಇಂದಿಗೂ 'ಮೂವತ್ತಾರು', 'ಅರವತ್ತೊಂದು' ಎಂದೇ ಕರೆಯುತ್ತಾರೆ. ಮೂವತ್ತಾರು ಎಂದರೆ ಒರಾನಿಯನ್‌ಸ್ಟ್ರಾಸೆ, ಕೊಟ್‌ಬುಸರ್ ಟೋರ್, ಗ್ಯೋರ್ಲಿಟ್ಸರ್ ಪಾರ್ಕ್‌ಗಳ ಪೂರ್ವಭಾಗ. ಈಗಿನ ಪಿನ್‌ಕೋಡ್ 10997 ಮತ್ತು 10999. ಅರವತ್ತೊಂದು ಎಂದರೆ ಬೆರ್ಗ್‌ಮನ್‌ಸ್ಟ್ರಾಸೆ, ವಿಕ್ಟೋರಿಯಾ ಪಾರ್ಕ್‌ಗಳ ಪಶ್ಚಿಮಭಾಗ. 10961, 10965 ಮುಂತಾದವು. ಆ ಪಾರ್ಕಿನ ಗುಡ್ಡದ ಮೇಲೆ ವಾಸ್ತುಶಿಲ್ಪಿ ಶಿಂಕೆಲ್ ವಿನ್ಯಾಸ ಮಾಡಿದ 1821ರ ಸ್ಮಾರಕವಿದೆ. ಅದರ ತುದಿಯ ಶಿಲುಬೆಯಿಂದಲೇ ಇಡೀ ಪ್ರದೇಶಕ್ಕೆ 'ಶಿಲುಬೆಬೆಟ್ಟ' ಎಂಬರ್ಥದ ಈ ಹೆಸರು ಬಂತು.

ಕಲೆಯ ಗದ್ದಲ ಹೆಚ್ಚಿರುವುದು ಮೂವತ್ತಾರರಲ್ಲಿ, ಅದಕ್ಕೆ ಕಾರಣವೂ ಇದೆ. 1961ರಲ್ಲಿ ಬರ್ಲಿನ್ ಗೋಡೆ ಎದ್ದಾಗ ಈ ಭಾಗ ಮೂರು ಬದಿಯಲ್ಲಿ ಮುಚ್ಚಿಹೋಯಿತು. ಒರಾನಿಯನ್‌ಪ್ಲಾಟ್ಸ್ ಮೂಲಕ ಹೆದ್ದಾರಿ ಹಾಯಿಸುವ ಯೋಜನೆ ಇದ್ದುದರಿಂದ ಮಾಲೀಕರು ರಿಪೇರಿ ನಿಲ್ಲಿಸಿದರು, ಬಾಡಿಗೆ ಇಳಿಯಿತು. ತುರ್ಕಿಯಿಂದ ಬಂದ ಕಾರ್ಮಿಕರು, ವಿದ್ಯಾರ್ಥಿಗಳು, ಕಲಾವಿದರು ಬಂದು ತುಂಬಿಕೊಂಡರು. ಖಾಲಿ ಮನೆಗಳಿಗೆ ಜನ ನುಗ್ಗಿ ವಾಸಿಸಿದರು. 1980ರ ದಶಕದಲ್ಲಿ ನಗರಾಡಳಿತವೇ ಕೆಡವುವುದನ್ನು ಬಿಟ್ಟು, ವಾಸಿಸುವವರನ್ನು ಎಬ್ಬಿಸದೆ ದುರಸ್ತಿ ಮಾಡುವ ನೀತಿಗೆ ಬಂತು. ಇಂದು ನೀವು ನೋಡುವ ಹಳೇ ಮನೆಗಳು ಉಳಿದದ್ದು ಹಾಗೆ. ಹೊರಗಿನ ಸಂಬಳ ತಂದು ಬಾಡಿಗೆ ಏರಿಸುವವರ ಬಗ್ಗೆ ಇಲ್ಲಿನವರಿಗೆ ಅಸಮಾಧಾನ ಇರುವುದೂ ಇದೇ ಕಾರಣಕ್ಕೆ. ಗೋಡೆಯ ಮೇಲೆ ಬರೆದದ್ದನ್ನು ವೈಯಕ್ತಿಕವಾಗಿ ತೆಗೆದುಕೊಳ್ಳಬೇಡಿ, ಆದರೆ ಓದಿ.

ಮಕ್ಕಳಿದ್ದರೆ, ನಿದ್ದೆ ಬೇಕಿದ್ದರೆ ಅರವತ್ತೊಂದು. ರಾತ್ರಿ ಹನ್ನೊಂದಕ್ಕೆ ಕೆಳಗಿಳಿದು ಜನರ ನಡುವೆ ಇರಬೇಕೆನ್ನಿಸಿದರೆ ಮೂವತ್ತಾರು.

ಹೊರಡುವ ಮುನ್ನ

ಭಾರತದ ಪಾಸ್‌ಪೋರ್ಟ್ ಉಳ್ಳವರು ಪ್ರವಾಸಿ ವೀಸಾದಲ್ಲಿ ಹೋಗಿ ಅಲ್ಲೇ ವಾಸದ ಪರವಾನಗಿಗೆ ಬದಲಿಸಿಕೊಳ್ಳುತ್ತೇನೆ ಎಂದರೆ ನಡೆಯದು. ಊರಿನಿಂದಲೇ ರಾಷ್ಟ್ರೀಯ (ದೀರ್ಘಾವಧಿಯ) ವೀಸಾ ಪಡೆದು ಹೋಗಬೇಕು. ಕರ್ನಾಟಕದವರಿಗೆ ಬೆಂಗಳೂರಿನ ಜರ್ಮನ್ ಕಾನ್ಸುಲೇಟ್. ಕಂಪನಿ ಕೆಲಸದವರಿಗೆ ಬ್ಲೂ ಕಾರ್ಡ್, ಅಂದರೆ ಪದವೀಧರ ನೌಕರರಿಗೆ ಕೊಡುವ ವಾಸದ ಪರವಾನಗಿಯ ದಾರಿ ಸಲೀಸು. ಸ್ವತಂತ್ರ ಕಲಾವಿದರಿಗೆ ವಾಸ ಕಾಯ್ದೆಯ 21ನೇ ಕಲಮಿನ ದಾರಿ ಇದೆ: ಕೆಲಸಗಳ ಪೋರ್ಟ್‌ಫೋಲಿಯೊ, ಆದಾಯದ ಅಂದಾಜು, ಆರೋಗ್ಯ ವಿಮೆ, ಎಲ್ಲಕ್ಕಿಂತ ಮುಖ್ಯವಾಗಿ ಜರ್ಮನಿಯ ಗಿರಾಕಿಗಳು ಕೆಲಸ ಕೊಡುತ್ತೇವೆಂದು ಬರೆದ ಪತ್ರಗಳು. 'ನಿಮ್ಮ ಕೆಲಸ ಚೆನ್ನಾಗಿದೆ' ಎಂಬ ಹೊಗಳಿಕೆಯ ಪತ್ರ ಉಪಯೋಗಕ್ಕಿಲ್ಲ. ಏನು ಕೆಲಸ, ಎಷ್ಟು ಗಂಟೆ, ಎಷ್ಟು ಯೂರೋ ಎಂದು ಅದರಲ್ಲಿ ಇರಬೇಕು. 45 ದಾಟಿದವರು ವೃದ್ಧಾಪ್ಯದ ಭದ್ರತೆಗೂ ಪುರಾವೆ ತೋರಿಸಬೇಕು. ಪ್ರವಾಸ ವಿಮೆಯನ್ನು ಆರೋಗ್ಯ ವಿಮೆ ಎಂದು ಒಪ್ಪಿಸಲು ಹೋಗಬೇಡಿ. ಅರ್ಜಿ ನಿಂತುಹೋಗುವ ಸಾಮಾನ್ಯ ಜಾಗ ಅದು.

ಬ್ಲೂ ಕಾರ್ಡ್‌ನಲ್ಲಿ ಹೋಗಿ ಸಂಜೆ ಚಿತ್ರ ಮಾರುತ್ತೇನೆ, ಸಂಗೀತ ಕಛೇರಿ ಮಾಡುತ್ತೇನೆ ಎನ್ನುವವರು ಪರವಾನಗಿ ಜೊತೆಗಿನ ಷರತ್ತಿನ ಹಾಳೆ ಓದಲಿ. ಸ್ವಂತ ಉದ್ಯೋಗಕ್ಕೆ ಅನುಮತಿ ಇಲ್ಲ ಎಂದಿದ್ದರೆ ವಲಸೆ ಕಚೇರಿಯಲ್ಲಿ ಪ್ರತ್ಯೇಕ ಒಪ್ಪಿಗೆ ಪಡೆಯಬೇಕು.

ಇನ್ನು ಹೆಸರಿನ ಸಂಗತಿ. ನಮ್ಮಲ್ಲಿ ಇನಿಷಿಯಲ್ ಇದ್ದವರು ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರನ್ನೋ ಊರಿನ ಹೆಸರನ್ನೋ ಸರ್‌ನೇಮ್ ಮಾಡಿಕೊಂಡಿರುತ್ತಾರೆ, ಇಲ್ಲವೇ ಆ ಜಾಗ ಖಾಲಿ ಬಿಟ್ಟಿರುತ್ತಾರೆ. ಜರ್ಮನಿ ನಡೆಯುವುದೇ ಸರ್‌ನೇಮ್ ಮೇಲೆ. ಮಂಜುನಾಥ ಶಿವಪ್ಪ ಎಂದಿದ್ದರೆ ಕರೆಗಂಟೆಯ ಮೇಲೆ 'ಶಿವಪ್ಪ' ಇರಬೇಕು, ಬ್ಯಾಂಕಿನವರೂ ಡಾಕ್ಟರೂ ಅಪ್ಪನ ಹೆಸರಿನಿಂದಲೇ ಕರೆಯುತ್ತಾರೆ. ಒಂದು ಕಡೆ ಇನಿಷಿಯಲ್, ಇನ್ನೊಂದು ಕಡೆ ಪೂರ್ಣ ಹೆಸರು ಎಂದು ಬರೆದರೆ ವಿಮೆ, ಬ್ಯಾಂಕ್, ತೆರಿಗೆ ಕಚೇರಿಗಳಿಗೆ ನೀವು ಮೂರು ಬೇರೆ ಮನುಷ್ಯರಾಗುತ್ತೀರಿ. ಪಾಸ್‌ಪೋರ್ಟ್‌ನಲ್ಲಿ ಇದ್ದಂತೆ, ಅಕ್ಷರ ಬಿಡದೆ, ಎಲ್ಲ ಕಡೆ ಒಂದೇ ರೀತಿ ಬರೆಯಿರಿ. ಗಂಡ ಹೆಂಡತಿಯ ಸರ್‌ನೇಮ್ ಬೇರೆಯಾದರೆ ಎರಡೂ ಫಲಕದ ಮೇಲೆ ಬರಲಿ.

ಮನೆ: ಎರಡು ಹಂತದಲ್ಲಿ ಹುಡುಕಿ

ದೂರದಿಂದಲೇ ಕಾಯಂ ಮನೆ ಹಿಡಿಯುವ ಆಸೆ ಬಿಡಿ. ಮೊದಲು ಮೂರರಿಂದ ಆರು ತಿಂಗಳಿಗೆ ಒಂದು ಉಪಬಾಡಿಗೆ ಕೋಣೆ ಹಿಡಿದು, ಬರ್ಲಿನ್‌ನಲ್ಲೇ ಇದ್ದುಕೊಂಡು ಕಾಯಂ ಮನೆ ಹುಡುಕುವುದೇ ಸರಿ. ಉಪಬಾಡಿಗೆಗೆ ಕೇಳಬೇಕಾದ ಪ್ರಶ್ನೆ ಎರಡೇ: ಮೂಲ ಮಾಲೀಕರ ಒಪ್ಪಿಗೆ ಇದೆಯೇ? ಈ ವಿಳಾಸದಲ್ಲಿ ನೋಂದಣಿ ಆಗುತ್ತದೆಯೇ? ಎರಡನೆಯದಕ್ಕೆ 'ಇಲ್ಲ' ಎಂದರೆ ಬಾಡಿಗೆ ಎಷ್ಟೇ ಅಗ್ಗವಿದ್ದರೂ ಬೇಡ. ಮುಂದಿನ ಯಾವ ಕಾಗದವೂ ಹುಟ್ಟುವುದಿಲ್ಲ.

ಕೋಣೆಗಳಿಗೆ ವೇಗೇ-ಗೆಸೂಖ್ಟ್, ಮನೆಗಳಿಗೆ ಇಮ್ಮೊಬಿಲಿಯನ್‌ಸ್ಕೌಟ್ ಮತ್ತು ಕ್ಲೈನ್‌ಆನ್‌ಟ್ಸೈಗನ್ ಜಾಲತಾಣಗಳು. ನಗರದ ಒಡೆತನದ ವಸತಿ ಕಂಪನಿಗಳ ಮನೆಗಳು ಇನ್‌ಬರ್ಲಿನ್‌ವೋನನ್‌ನಲ್ಲಿ ಒಟ್ಟಿಗೆ ಸಿಗುತ್ತವೆ. ಜಾಹೀರಾತು ಓದುವಾಗ:

ಕೋಣೆ ಎಣಿಕೆಯಲ್ಲಿ ಹಾಲ್ ಸೇರುತ್ತದೆ, ಅಡುಗೆಮನೆ ಸೇರುವುದಿಲ್ಲ. ನಮ್ಮ ಎರಡು ಬಿಎಚ್‌ಕೆ ಅಲ್ಲಿನ ಮೂರು ಕೋಣೆಯ ಮನೆ. 'ಕಾಲ್ಟ್' ಎಂದರೆ ಬರೀ ಬಾಡಿಗೆ. 'ವಾರ್ಮ್' ಎಂದರೆ ನಿರ್ವಹಣೆ, ನೀರು, ಸಾಮಾನ್ಯವಾಗಿ ಶಾಖವೂ ಸೇರಿದ್ದು. ಆದರೆ ಮನೆಯೊಳಗೇ ಗ್ಯಾಸ್ ಬಾಯ್ಲರ್ ಇದ್ದರೆ ಶಾಖದ ಬಿಲ್ಲು ನೇರ ನಿಮ್ಮದು, ವಾರ್ಮ್ ಬಾಡಿಗೆಯಲ್ಲಿ ಬರುವುದಿಲ್ಲ. ವಿದ್ಯುತ್ ಬೇರೆಯೇ. 'ಡಬ್ಲ್ಯೂಬಿಎಸ್' ಎಂದಿದ್ದರೆ ಆದಾಯ ಮಿತಿಯ ಪ್ರಮಾಣಪತ್ರ ಉಳ್ಳವರಿಗೆ. 'ಟೌಷ್' (ಅದಲುಬದಲು) ಎಂದಿದ್ದರೆ ಕೊಡಲು ನಿಮ್ಮದೇ ಒಂದು ಬರ್ಲಿನ್ ಮನೆ ಇರಬೇಕು. ಹೊಸಬರು ಇವೆರಡನ್ನೂ ಬಿಟ್ಟು ಮುಂದೆ ಹೋಗಿ. 'ಇಬಿಕೆ' (ಜೋಡಿಸಿಟ್ಟ ಅಡುಗೆಮನೆ) ಇಲ್ಲದಿದ್ದರೆ ಅಡುಗೆಮನೆಯಲ್ಲಿ ನಲ್ಲಿಯ ಪೈಪು ಬಿಟ್ಟರೆ ಏನೂ ಇರದಿರಬಹುದು. ಸಿಂಕ್, ಒಲೆ, ಕಪಾಟು, ಚಾವಣಿಯ ದೀಪ ಸಮೇತ ನೀವೇ ತರಬೇಕಾಗಬಹುದು. ಹಿಂದಿನವರು ತಮ್ಮ ಅಡುಗೆಮನೆಯನ್ನು ಬೆಲೆಗೆ ಬಿಟ್ಟುಹೋಗುವುದುಂಟು, ಚೌಕಾಸಿ ಮಾಡಬಹುದು.

ಹಾಕಬೇಕಾದ ಕಡತ: ಪಾಸ್‌ಪೋರ್ಟ್ ಪ್ರತಿ, ಕೊನೆಯ 3 ಸಂಬಳ ಚೀಟಿ, ಹಿಂದಿನ ಮಾಲೀಕರಿಂದ ಬಾಕಿಯಿಲ್ಲವೆಂಬ ಪತ್ರ, ಶೂಫಾ ಎಂಬ ಸಾಲ ವರದಿ. ಹೊಸಬರಿಗೆ ಶೂಫಾದಲ್ಲಿ ಚರಿತ್ರೆಯೇ ಇರುವುದಿಲ್ಲ. ಅದರ ಜಾಗದಲ್ಲಿ ಉದ್ಯೋಗ ಕರಾರು ಮತ್ತು ಬ್ಯಾಂಕ್ ಲೆಕ್ಕ ಇಡಿ. ಕೈಗೆ ಬರುವ ಸಂಬಳ ವಾರ್ಮ್ ಬಾಡಿಗೆಯ ಮೂರು ಪಟ್ಟು ಇರಲಿ ಎಂಬುದು ಮಾಲೀಕರ ಅಲಿಖಿತ ಲೆಕ್ಕ. ಎಲ್ಲವೂ ಒಂದೇ ಪಿಡಿಎಫ್‌ನಲ್ಲಿ ತಯಾರಿರಲಿ. ಜಾಹೀರಾತು ಬಂದ ಅರ್ಧ ಗಂಟೆಯಲ್ಲಿ ಕಳಿಸದ ಅರ್ಜಿಯನ್ನು ಯಾರೂ ತೆರೆಯುವುದೇ ಇಲ್ಲ ಎಂದು ಭಾವಿಸಿ.

ಮಾಲೀಕರು ವಿದೇಶದಲ್ಲಿದ್ದಾರೆ, ಡೆಪಾಸಿಟ್ ಕಳಿಸಿದರೆ ಕೀಲಿ ಅಂಚೆಯಲ್ಲಿ ಬರುತ್ತದೆ ಎಂದರೆ ಅದು ಮೋಸ. ಒಳಗೆ ಕಾಲಿಡದ ಮನೆಗೆ ಹಣ ಕಳಿಸಬೇಡಿ. ಮಧ್ಯವರ್ತಿಯ ಶುಲ್ಕವೂ, 2015ರಿಂದ, ಅವರನ್ನು ಗೊತ್ತುಮಾಡಿದವರದು. ಎಂದರೆ ಸಾಮಾನ್ಯವಾಗಿ ಮಾಲೀಕರದು.

ಮನೆಯ ಅಂಗರಚನೆ

1862ರಲ್ಲಿ ನಗರಯೋಜಕ ಜೇಮ್ಸ್ ಹೋಬ್ರೆಖ್ಟ್ ಹಾಕಿದ ಬೀದಿ ನಕ್ಷೆಯಲ್ಲಿ ನಿವೇಶನಗಳು ಬಹಳ ಆಳವಾಗಿದ್ದವು. ಬೀದಿಗೆ ಮುಖಮಾಡಿದ ಮುಂಮನೆ, ಪಕ್ಕದ ರೆಕ್ಕೆ, ಅಂಗಳ, ಅದರ ಹಿಂದೆ ಹಿಂಮನೆ, ಕೆಲವೊಮ್ಮೆ ಇನ್ನೊಂದು ಅಂಗಳ, ಅಲ್ಲಿ ಕಾರ್ಖಾನೆ ಎಂದು ಸಾಲಾಗಿ ಕಟ್ಟಿದರು. ಅಂಗಳಕ್ಕೆ ಇದ್ದ ಕನಿಷ್ಠ ಅಳತೆ 5.34 ಮೀಟರ್ ಚೌಕ: ಬೆಂಕಿ ಆರಿಸುವ ಬಂಡಿ ತಿರುಗಲು ಸಾಕಾಗುವಷ್ಟು. ಬೆಳಕಿನ ಬಗ್ಗೆ ಯಾರೂ ಯೋಚಿಸಲಿಲ್ಲ. ಆದ್ದರಿಂದ ಹಿಂಮನೆಯ ಮೊದಲೆರಡು ಮಹಡಿ ಚಳಿಗಾಲದಲ್ಲಿ ನಡುಹಗಲಲ್ಲೂ ದೀಪ ಕೇಳುತ್ತದೆ. ಚಿತ್ರ ಬರೆಯುವವರು ಮೂರನೆಯ ಮಹಡಿಗಿಂತ ಕೆಳಗೆ ನೋಡಲೇಬಾರದು. ಸಂಗೀತದ ಅಭ್ಯಾಸ ಇದ್ದವರಿಗೆ ಅಂಗಳ ಒಂದು ಧ್ವನಿವರ್ಧಕ. ಕಿಟಕಿ ತೆರೆದರೆ ತಂಬೂರಿಯ ಶ್ರುತಿ ನಾಲ್ಕೂ ಗೋಡೆಗೆ ಬಡಿದು ಮೇಲೇರುತ್ತದೆ. ಮುಂಮನೆ ಮತ್ತು ರೆಕ್ಕೆ ಸೇರುವ ಮೂಲೆಯಲ್ಲಿ 'ಬರ್ಲಿನ್ ಕೋಣೆ' ಎಂಬ ದೊಡ್ಡ, ಒಂದೇ ಕಿಟಕಿಯ ಹಾದುಹೋಗುವ ಕೋಣೆ ಇರುತ್ತದೆ. ನಕ್ಷೆಯಲ್ಲಿ ವಿಶಾಲವಾಗಿ ಕಂಡರೂ ಮಲಗುವ ಕೋಣೆಯಾಗಿ ಅದು ಕೆಲಸಕ್ಕೆ ಬಾರದು, ಹಿಂದಿನ ಕೋಣೆಗೆ ಹೋಗುವವರೆಲ್ಲ ನಿಮ್ಮ ಮಂಚದ ಪಕ್ಕದಲ್ಲೇ ನಡೆಯುತ್ತಾರೆ.

ನೋಡಲು ಹೋದಾಗ ಹಗಲಲ್ಲಿ ಒಮ್ಮೆ, ಶುಕ್ರವಾರ ರಾತ್ರಿ ಕಟ್ಟಡದ ಹೊರಗೆ ಇನ್ನೊಮ್ಮೆ ನಿಂತು ಬನ್ನಿ. ಸ್ಕಾಲಿಟ್ಸರ್ ಸ್ಟ್ರಾಸೆಯಲ್ಲಿ 1902ರಿಂದ ಓಡುತ್ತಿರುವ ಮೇಲ್ಸೇತುವೆ ರೈಲು ಎರಡನೆಯ ಮಹಡಿಯ ಕಿಟಕಿಯ ಎದುರಿಗೇ ಹೋಗುತ್ತದೆ, ವಾರಾಂತ್ಯದ ರಾತ್ರಿ ನಿಲ್ಲುವುದೇ ಇಲ್ಲ. ಕಿಟಕಿ ಮೂಲೆಗಳಲ್ಲಿ, ಹೊರಗೋಡೆಗೆ ತಾಗಿದ ಕಪಾಟಿನ ಹಿಂದೆ ಕಪ್ಪು ಬೂಷ್ಟು ಇದೆಯೇ ನೋಡಿ. ಹೊಸ ಬಣ್ಣದ ವಾಸನೆ ಬರೀ ಆ ಮೂಲೆಗಳಲ್ಲಿದ್ದರೆ ಅರ್ಥ ಮಾಡಿಕೊಳ್ಳಿ. ನೆಲ ಮರದ ತೊಲೆಗಳ ಮೇಲಿದ್ದರೆ ಮೇಲಿನವರ ಹಿಮ್ಮಡಿ ಸದ್ದು ನಿಮ್ಮದು. ನೀರಿನ ಪೈಪು ಸೀಸದ್ದೇ ಎಂದು ಬರಹದಲ್ಲಿ ಕೇಳಿ. 2026ರ ಜನವರಿ 12ರೊಳಗೆ ಅವನ್ನು ತೆಗೆಯಬೇಕೆಂದು ಕಾನೂನಿದೆ.

ಕರಾರಿಗೆ ಸಹಿ ಮಾಡುವಾಗ

ಡೆಪಾಸಿಟ್ ಗರಿಷ್ಠ 3 ತಿಂಗಳ ಕಾಲ್ಟ್ ಬಾಡಿಗೆ. ಕಾಲ್ಟ್ 900 ಯೂರೋ ಆದರೆ 2,700ಕ್ಕಿಂತ ಹೆಚ್ಚು ಕೇಳುವಂತಿಲ್ಲ, ಅದನ್ನೂ ಮೂರು ಮಾಸಿಕ ಕಂತಿನಲ್ಲಿ ಕೊಡುವ ಹಕ್ಕು ನಿಮಗಿದೆ.

ಬರ್ಲಿನ್‌ನಲ್ಲಿ ಬಾಡಿಗೆಗೆ ಲಗಾಮು ಇದೆ: ಹೊಸ ಕರಾರಿನ ಬಾಡಿಗೆ ನಗರದ ಬಾಡಿಗೆ ಪಟ್ಟಿಯ ದರಕ್ಕಿಂತ 10%ಗೂ ಹೆಚ್ಚಿರಬಾರದು. 2014ರ ಅಕ್ಟೋಬರ್ ನಂತರ ಮೊದಲ ಬಾರಿ ಬಳಕೆಗೆ ಬಂದ ಮನೆಗಳಿಗೆ ಇದು ತಾಗದು, ಹಳೇ ಮನೆಗಳಿಗೆ ತಾಗುತ್ತದೆ. ಹೆಚ್ಚಿದೆ ಎನಿಸಿದರೆ ಸಹಿ ಮಾಡಿ, ಒಳಗೆ ಹೋಗಿ, ಆಮೇಲೆ ಆಕ್ಷೇಪ ಬರೆಯಿರಿ. ಮೊದಲೇ ತಗಾದೆ ತೆಗೆದರೆ ಮನೆ ಇನ್ನೊಬ್ಬರಿಗೆ ಹೋಗುತ್ತದೆ. ಬಾಡಿಗೆ ಶುರುವಾದ 30 ತಿಂಗಳೊಳಗೆ ಆಕ್ಷೇಪಿಸಿದರೆ ಮೊದಲ ದಿನದಿಂದ ಹೆಚ್ಚಾಗಿ ಕೊಟ್ಟದ್ದನ್ನು ಕೇಳಬಹುದು. ತಡವಾದರೆ ಆಕ್ಷೇಪಿಸಿದ ದಿನದಿಂದ ಮಾತ್ರ. ಇದಕ್ಕೆ ಬಾಡಿಗೆದಾರರ ಸಂಘದ ಸದಸ್ಯರಾಗಿ, ಜಗಳ ಹುಟ್ಟುವ ಮೊದಲೇ. ಹಳೇ ಜಗಳಕ್ಕೆ ಅವರ ಕಾನೂನು ವಿಮೆ ಸಿಗದು. 'ಸಜ್ಜಿತ', 'ತಾತ್ಕಾಲಿಕ' ಎಂಬ ಹಣೆಪಟ್ಟಿ ಹಚ್ಚಿ ಈ ಲಗಾಮು ತಪ್ಪಿಸುವವರೇ ಈಗ ಹೆಚ್ಚು. ಪೀಠೋಪಕರಣ ಇದ್ದ ಮಾತ್ರಕ್ಕೆ ಮನೆ ಕಾನೂನಿನ ಹೊರಗೆ ಹೋಗುವುದಿಲ್ಲ.

ಕೀಲಿ ಪಡೆಯುವ ದಿನ ಹಸ್ತಾಂತರ ಪತ್ರ ಬರೆಯಿಸಿ: ಪ್ರತಿ ಗೀರು, ಬಿರುಕು, ವಿದ್ಯುತ್ ಮತ್ತು ಗ್ಯಾಸ್ ಮೀಟರಿನ ಓದು, ಕೀಲಿಗಳ ಸಂಖ್ಯೆ, ಎಲ್ಲಕ್ಕೂ ಫೋಟೋ. ವಿದ್ಯುತ್ ತಾನಾಗಿ ಮೂಲ ಪೂರೈಕೆದಾರರ ದುಬಾರಿ ದರದಲ್ಲಿ ಬರುತ್ತಿರುತ್ತದೆ. ಎರಡು ವಾರದ ನೋಟಿಸ್ ಕೊಟ್ಟು ಬದಲಿಸಬಹುದು.

ಕಾಗದಗಳ ಸಾಲು

1. ಹೆಸರಿನ ಚೀಟಿ, ಗಂಟೆ ಮತ್ತು ಡಬ್ಬಿ ಎರಡರ ಮೇಲೂ, ಮೊದಲ ದಿನವೇ. ಉಪಬಾಡಿಗೆಯಲ್ಲಿ ಚೀಟಿ ಹಚ್ಚಲು ಬಿಡದಿದ್ದರೆ ವಿಳಾಸದಲ್ಲಿ 'ಇಂಥವರ ಮೂಲಕ' ಎಂದು ಫಲಕದ ಮೇಲಿರುವ ಹೆಸರು ಸೇರಿಸಿ.

2. ವಾಸ ನೋಂದಣಿ, ಆನ್‌ಮೆಲ್ಡುಂಗ್. ಒಳಗೆ ಬಂದ ಎರಡು ವಾರದೊಳಗೆ. ಬೇಕಾದ್ದು ಪಾಸ್‌ಪೋರ್ಟ್, ಅರ್ಜಿ, ಮತ್ತು ಮನೆ ಕೊಟ್ಟವರ ಸಹಿಯ ದೃಢೀಕರಣ ಪತ್ರ. ಬಾಡಿಗೆ ಕರಾರು ಆ ಪತ್ರಕ್ಕೆ ಬದಲಿಯಲ್ಲ, ಕೌಂಟರಿನಿಂದ ವಾಪಸಾಗುವವರು ಹೆಚ್ಚಾಗಿ ಇದಕ್ಕೇ. ಯಾವ ವಾರ್ಡಿನ ನಾಗರಿಕ ಕಚೇರಿಯಾದರೂ ಸರಿ. ಕ್ರಾಯ್ಟ್ಸ್‌ಬರ್ಗ್‌ನಲ್ಲಿ ಸಮಯ ಸಿಗದಿದ್ದರೆ ಊರಂಚಿನ ಕಚೇರಿಗೆ ಹೋಗಿ. ಅರ್ಜಿಯಲ್ಲಿ ಧರ್ಮದ ಅಂಕಣ ಇದೆ. ಮಂಗಳೂರಿನ ಕ್ಯಾಥೊಲಿಕರು ಇಲ್ಲಿ ಒಂದು ಕ್ಷಣ ನಿಲ್ಲಬೇಕು: ಕ್ಯಾಥೊಲಿಕ್ ಎಂದು ಬರೆದರೆ ಬರ್ಲಿನ್‌ನಲ್ಲಿ ಆದಾಯ ತೆರಿಗೆಯ 9% ಚರ್ಚ್ ತೆರಿಗೆಯಾಗಿ ಸಂಬಳದಿಂದಲೇ ಕಡಿತವಾಗುತ್ತದೆ.

3. ಕೆಲವು ವಾರಗಳಲ್ಲಿ 11 ಅಂಕಿಯ ತೆರಿಗೆ ಗುರುತು ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಬರುವವರೆಗೆ ಸಂಬಳದ ಮೇಲೆ ಅತಿ ಹೆಚ್ಚಿನ ದರದಲ್ಲಿ ತೆರಿಗೆ ಹಿಡಿಯಬಹುದು, ಆಮೇಲೆ ಸರಿಹೋಗುತ್ತದೆ.

4. ಪ್ರಸಾರ ಶುಲ್ಕದ ಪತ್ರ: ಮನೆಗೊಂದರಂತೆ ತಿಂಗಳಿಗೆ 18.36 ಯೂರೋ. ಟಿವಿ ಇಲ್ಲ ಎಂಬ ನೆಪ ನಡೆಯದು. ಜೊತೆವಾಸಿ ಈಗಾಗಲೇ ಕಟ್ಟುತ್ತಿದ್ದರೆ ಅವರ ಸಂಖ್ಯೆ ತಿಳಿಸಿ.

5. ವಾಸದ ಪರವಾನಗಿಯ ಅರ್ಜಿ, ವೀಸಾ ಮುಗಿಯುವ ಮೊದಲು ಆನ್‌ಲೈನ್‌ನಲ್ಲಿ. ಭೇಟಿಯ ದಿನ ತಡವಾಗಿ ಸಿಕ್ಕರೂ ಪರವಾಗಿಲ್ಲ. ಅರ್ಜಿ ಮಾತ್ರ ಅವಧಿಯೊಳಗೇ ಇರಬೇಕು.

ಕಲೆಯನ್ನೇ ನಂಬಿದವರಿಗೆ

ಸ್ವತಂತ್ರ ಕಲಾವಿದರು ಎಲ್‌ಸ್ಟರ್ ಜಾಲತಾಣದಲ್ಲಿ ತೆರಿಗೆ ಕಚೇರಿಯ ಪ್ರಶ್ನಾವಳಿ ತುಂಬಬೇಕು. ಅದರ ಖಾತೆ ಸಕ್ರಿಯಗೊಳಿಸುವ ಸಂಕೇತ ಬರುವುದೂ ಅಂಚೆಯಲ್ಲೇ, ಮತ್ತೆ ಆ ಚೀಟಿ! ಇಲ್ಲಿ ಸಿಗುವ ತೆರಿಗೆ ಸಂಖ್ಯೆ ಹಿಂದಿನ 11 ಅಂಕಿಯದ್ದಲ್ಲ, ಬೇರೆ. ಬಿಲ್ಲಿನ ಮೇಲೆ ಹಾಕಬೇಕಾದ್ದು ಇದನ್ನು. ಹಿಂದಿನ ವರ್ಷದ ವಹಿವಾಟು 25,000 ಯೂರೋ ಮೀರದವರು ಸಣ್ಣ ಉದ್ಯಮಿ ವಿನಾಯಿತಿ ಪಡೆದು ಮೌಲ್ಯವರ್ಧಿತ ತೆರಿಗೆ ವಿಧಿಸದೆ ಇರಬಹುದು.

ದೊಡ್ಡ ಆಸರೆ ಎಂದರೆ ಕಲಾವಿದರ ಸಾಮಾಜಿಕ ನಿಧಿ, ಕೆಎಸ್‌ಕೆ. ನೌಕರರಿಗೆ ಕಂಪನಿ ಅರ್ಧ ಕಟ್ಟುವಂತೆ, ಕಲಾವಿದರ ಆರೋಗ್ಯ, ಆರೈಕೆ, ಪಿಂಚಣಿ ವಂತಿಗೆಯ ಅರ್ಧವನ್ನು ಈ ನಿಧಿ ಭರಿಸುತ್ತದೆ. ವರ್ಷಕ್ಕೆ ಕನಿಷ್ಠ 3,900 ಯೂರೋ ಕಲೆಯ ಆದಾಯ ಇರಬೇಕು. ವೃತ್ತಿ ಶುರುಮಾಡಿದ ಮೊದಲ ಮೂರು ವರ್ಷ ಈ ಮಿತಿ ಇಲ್ಲ. ಅರ್ಜಿಗೆ ಬರೀ ಪೋರ್ಟ್‌ಫೋಲಿಯೊ ಸಾಲದು. ಕರಾರು, ಬಿಲ್ಲು, ಬ್ಯಾಂಕಿಗೆ ಹಣ ಬಂದ ಸಾಲು, ಮೂರೂ ಒಂದಕ್ಕೊಂದು ತಾಳೆಯಾಗಲಿ.

ಜಾಗದ ಮಾತಿಗೆ ಬಂದರೆ, ಸ್ಟುಡಿಯೋಗೆಂದು ಅಂಗಡಿ ಹಿಡಿಯುವ ಮೊದಲು ತಿಳಿದಿರಲಿ: ವಾಣಿಜ್ಯ ಕರಾರಿಗೆ ಬಾಡಿಗೆ ಲಗಾಮೂ ಇಲ್ಲ, ವಾಸದ ಮನೆಯ ರಕ್ಷಣೆಯೂ ಇಲ್ಲ. ಅವಧಿ ಮುಗಿದ ದಿನ ದುಪ್ಪಟ್ಟು ಕೇಳಬಹುದು, ಒರಾನಿಯನ್‌ಸ್ಟ್ರಾಸೆಯ ಹಳೇ ಅಂಗಡಿಗಳು ಖಾಲಿಯಾದದ್ದು ಹೀಗೆಯೇ. ಅಲ್ಲಿ ಮಲಗುವಂತೆಯೂ ಇಲ್ಲ. ನಗರದ ದೃಶ್ಯ ಕಲಾವಿದರ ವೃತ್ತಿ ಸಂಘವಾದ ಬಿಬಿಕೆಯ ಸ್ಟುಡಿಯೋ ವಿಭಾಗದ ಮೂಲಕ ಸಹಾಯಧನದ ಸ್ಟುಡಿಯೋಗಳಿಗೆ ಅರ್ಜಿ ಹಾಕಬಹುದು. ಅಚ್ಚುಚಿತ್ರ ಮಾಡುವವರು ಸ್ವಂತ ಪ್ರೆಸ್ ಕೊಳ್ಳುವ ಮುನ್ನ ಮರಿಯಾನನ್‌ಪ್ಲಾಟ್ಸ್‌ನ ಬೆಥಾನಿಯನ್ ಕಟ್ಟಡಕ್ಕೆ ಹೋಗಲಿ. 1847ರಲ್ಲಿ ಆಸ್ಪತ್ರೆಯಾಗಿ ತೆರೆದು 1970ರಲ್ಲಿ ಮುಚ್ಚಿದ ಈ ಕಟ್ಟಡವನ್ನು ಜನ ಹೋರಾಡಿ ಉಳಿಸಿಕೊಂಡರು. ಈಗ ಅಲ್ಲಿ ಬಿಬಿಕೆಯ ಮುದ್ರಣ ಕಾರ್ಯಾಗಾರವೂ, ಉಚಿತ ಪ್ರವೇಶದ ಕಲಾ ಪ್ರದರ್ಶನಾಲಯವೂ ಇವೆ. ಬೀದಿಯಲ್ಲಿ ಜನರ ಮುಖದ ಫೋಟೋ ತೆಗೆದು ಪ್ರದರ್ಶಿಸುವವರು ಒಪ್ಪಿಗೆ ಕೇಳಬೇಕು; ತನ್ನ ಚಿತ್ರದ ಮೇಲೆ ತನಗೇ ಹಕ್ಕು ಎಂಬ ಕಾನೂನು 1907ರಷ್ಟು ಹಳೆಯದು, ಕೊಟ್‌ಬುಸರ್ ಟೋರ್‌ನಲ್ಲಿ ಕ್ಯಾಮೆರಾ ಎತ್ತಿದರೆ ಕಾನೂನಿಗಿಂತ ಮೊದಲು ಜನರೇ ಬರುತ್ತಾರೆ.

ಒಗ್ಗರಣೆ, ಮಿಕ್ಸಿ, ಭಾನುವಾರ

ರಾತ್ರಿ 10ರಿಂದ ಬೆಳಿಗ್ಗೆ 6, ಮತ್ತು ಭಾನುವಾರ ಇಡೀ ದಿನ ನಿಶ್ಶಬ್ದದ ಹೊತ್ತು. ಕೆಳಗೆ ಬಾರಿನಲ್ಲಿ ಕೂಗಾಟ ನಡೆದಿದ್ದರೂ ನಿಮ್ಮ ಡ್ರಿಲ್ ಮಾತ್ರ ಅಪರಾಧ. ಇದರಲ್ಲಿ ತರ್ಕ ಹುಡುಕಬೇಡಿ. ಊರಿನ ಮಿಕ್ಸಿ ಅಲ್ಲೂ ಓಡುತ್ತದೆ, ವಿದ್ಯುತ್ 230 ವೋಲ್ಟ್, 50 ಹರ್ಟ್ಸ್. ನಮ್ಮ ಮೂರು ಪಿನ್ ಮಾತ್ರ ಹಿಡಿಯದು, ಅರ್ತಿಂಗ್ ಇರುವ ಗಟ್ಟಿ ಅಡಾಪ್ಟರ್ ಬೇಕು. ಮಿಕ್ಸಿಯ ಕೆಳಗೆ ಮಡಿಸಿದ ಟವೆಲ್ ಹಾಕಿ, ದೋಸೆ ಹಿಟ್ಟನ್ನು ಶನಿವಾರ ಸಂಜೆಯೇ ರುಬ್ಬಿ. ಚಳಿಗಾಲದಲ್ಲಿ ಹಿಟ್ಟು ಹುಳಿಯಾಗದು ಎಂಬ ದೂರಿಗೆ ಪರಿಹಾರ: ಓವನ್ ಹಚ್ಚದೆ ಅದರ ದೀಪವನ್ನಷ್ಟೇ ಉರಿಸಿ ಪಾತ್ರೆ ಒಳಗಿಡಿ, ರಾತ್ರಿ ಕಳೆದರೆ ಉಬ್ಬುತ್ತದೆ. ಅಲ್ಯೂಮಿನಿಯಂ ಕುಕ್ಕರ್ ಇಂಡಕ್ಷನ್ ಒಲೆಯ ಮೇಲೆ ಬಿಸಿಯೇ ಆಗದು. ಸಾಗಿಸುವ ಮೊದಲು ಒಲೆ ಯಾವುದೆಂದು ಕೇಳಿ.

ಒಣಮೆಣಸಿನ ಒಗ್ಗರಣೆ ಹಾಕುವಾಗ ಅಡುಗೆಮನೆ ಬಾಗಿಲು ಮುಚ್ಚಿ, ಕಿಟಕಿ ಪೂರ್ತಿ ತೆರೆಯಿರಿ. ಮಲಗುವ ಕೋಣೆ ಮತ್ತು ನಡುವಂಕಣದಲ್ಲಿ ಹೊಗೆ ಎಚ್ಚರಿಕೆ ಗಂಟೆ ಕಡ್ಡಾಯ, ಅದಕ್ಕೆ ಬೆಂಕಿಯೂ ಒಂದೇ ಬ್ಯಾಡಗಿಯೂ ಒಂದೇ. ಚಳಿಗಾಲದಲ್ಲೂ ದಿನಕ್ಕೆ ಎರಡು ಮೂರು ಸಲ 5ರಿಂದ 10 ನಿಮಿಷ ಎಲ್ಲ ಕಿಟಕಿ ಅಗಲಕ್ಕೆ ತೆರೆದು ಮುಚ್ಚಿ. ಅನ್ನದ ಹಬೆ, ಒಳಗೆ ಒಣಗಿಸಿದ ಬಟ್ಟೆಯ ತೇವ ತಣ್ಣನೆಯ ಹೊರಗೋಡೆಯ ಮೇಲೆ ಕೂತು ಬೂಷ್ಟಾಗುತ್ತದೆ, ಮಾಲೀಕರು ನೀವು ಗಾಳಿಯಾಡಿಸಲಿಲ್ಲ ಎಂದು ಡೆಪಾಸಿಟ್ ಹಿಡಿಯುತ್ತಾರೆ. ಕಿಟಕಿಯನ್ನು ದಿನವಿಡೀ ಓರೆ ತೆರೆದಿಟ್ಟರೆ ಗೋಡೆ ತಣ್ಣಗಾಗಿ ಇನ್ನೂ ಕೆಡುತ್ತದೆ.

ಕಸದ ಡಬ್ಬಿಗಳು ಅಂಗಳದಲ್ಲಿವೆ: ಕಾಗದಕ್ಕೆ ನೀಲಿ, ಅಡುಗೆ ಕಸಕ್ಕೆ ಕಂದು, ಪ್ಲಾಸ್ಟಿಕ್ ಮತ್ತು ಲೋಹಕ್ಕೆ ಹಳದಿ ಅಥವಾ ಕಿತ್ತಳೆ. ಬಾಟಲಿಗೆ 8, 15 ಅಥವಾ 25 ಸೆಂಟ್ ಠೇವಣಿ ಇರುತ್ತದೆ. ಬೀದಿಯಲ್ಲಿ ಕುಡಿದು ಮುಗಿಸಿದ ಬಾಟಲಿಯನ್ನು ಕಸದೊಳಗೆ ಹಾಕದೆ ಪಕ್ಕದಲ್ಲಿ ನಿಲ್ಲಿಸುವುದು ಇಲ್ಲಿನ ರೂಢಿ, ಆಯ್ದು ಬದುಕುವವರು ಕೈಹಾಕಿ ಕೆದಕಬೇಕಾಗದಂತೆ. ಫುಟ್‌ಪಾತಿನಲ್ಲಿ 'ಉಚಿತ' ಎಂದು ಇಟ್ಟ ಪುಸ್ತಕ, ಪಾತ್ರೆ ತರಬಹುದು. ಹಾಸಿಗೆ, ಸೋಫಾ ಬೇಡ, ತಿಗಣೆ ಉಚಿತವಾಗಿ ಬರುತ್ತದೆ.

ಕೊತ್ತಂಬರಿ, ಬದನೆ, ಹಸಿಮೆಣಸಿಗೆ ಮಂಗಳವಾರ, ಶುಕ್ರವಾರ ಕಾಲುವೆಯಾಚೆಯ ಮೈಬಾಖ್‌ಊಫರ್ ಸಂತೆ. ಮುಚ್ಚುವ ಹೊತ್ತಿಗೆ ಬೆಲೆ ಬೀಳುತ್ತದೆ. ಚಿಲ್ಲರೆ ನಗದು ಕೈಲಿರಲಿ. ಮೇ 1ರಂದು ಮೂವತ್ತಾರರಲ್ಲಿ ವಾಸವಿದ್ದರೆ ಸೈಕಲ್ ಒಳಗಿಡಿ, ಹಿಂದಿನ ದಿನವೇ ದಿನಸಿ ತನ್ನಿ. 1987ರ ಗಲಭೆಯ ನಂತರ ಆ ದಿನ ಮೆರವಣಿಗೆ, ಪೊಲೀಸು, ಸಂಗೀತ ಎಲ್ಲ ಒಟ್ಟಿಗೆ ಬೀದಿಗಿಳಿಯುತ್ತವೆ.

ಹೊರಡುವಾಗ

ಮನೆ ಬಿಡಲು ಬಾಡಿಗೆದಾರರ ನೋಟಿಸ್ ಅವಧಿ 3 ತಿಂಗಳು. ಸಹಿ ಮಾಡಿದ ಕಾಗದ ತಿಂಗಳ ಮೂರನೆಯ ಕೆಲಸದ ದಿನದೊಳಗೆ ಮಾಲೀಕರ ಕೈ ಸೇರಿದರೆ ಆ ತಿಂಗಳೂ ಲೆಕ್ಕಕ್ಕೆ ಬರುತ್ತದೆ. ಇಮೇಲ್, ವಾಟ್ಸಾಪ್ ನೋಟಿಸಿಗೆ ಬೆಲೆಯಿಲ್ಲ. ದೇಶ ಬಿಡುವವರು ನೋಂದಣಿ ರದ್ದತಿಯನ್ನು ಹೊರಡುವ ಒಂದು ವಾರ ಮೊದಲಿನಿಂದ, ಹೊರಟ ಎರಡು ವಾರದೊಳಗೆ ಮಾಡಬೇಕು. ಬ್ಯಾಂಕ್, ವಿಮೆ, ಪ್ರಸಾರ ಶುಲ್ಕ ನಿಲ್ಲಿಸಲು ಆ ಕಾಗದವೇ ಬೇಕು. ನಿರ್ವಹಣಾ ವೆಚ್ಚದ ಕೊನೆಯ ಲೆಕ್ಕ ಬರುವವರೆಗೆ ಡೆಪಾಸಿಟ್‌ನ ಒಂದು ಭಾಗ ಉಳಿಸಿಕೊಳ್ಳುತ್ತಾರೆ, ಹಾಗಾಗಿ ಬ್ಯಾಂಕ್ ಖಾತೆ ಕೂಡಲೇ ಮುಚ್ಚಬೇಡಿ. ಅಂಚೆ ಕಚೇರಿಯಲ್ಲಿ ಹೊಸ ವಿಳಾಸಕ್ಕೆ ಪತ್ರ ತಿರುಗಿಸುವ ಏರ್ಪಾಡು ಜಾರಿಯಾದ ಮೇಲೆ, ಕೊನೆಯದಾಗಿ, ಗಂಟೆಯ ಮೇಲಿನ ಚೀಟಿ ತೆಗೆಯಿರಿ.